ರಾತ್ರಿಯ ಓಜೋನ್ ಮತ್ತು ವಾಯುಕಣಗಳು: ಅಧ್ಯಯನದ ಇತಿಹಾಸ

ಭೂಮಟ್ಟದ ಓಜೋನ್ ಬಿಸಿಲಿನಲ್ಲಿ ಉಂಟಾಗುವ ಮಾಲಿನ್ಯಕಾರಕವೆಂಬುದನ್ನು ಲಾಸ್ ಏಂಜಲೀಸ್‌ನ ಹೊಗೆಮಂಜನ್ನು ಅಧ್ಯಯನ ಮಾಡಿದ ಹಾಗನ್-ಸ್ಮಿತ್ 1950ರ ದಶಕದಲ್ಲಿ ತೋರಿಸಿದ ನಂತರ, ಅದನ್ನು ಕೇವಲ ಹಗಲಿನ ಸಮಸ್ಯೆಯೆಂದು ಪರಿಗಣಿಸುವುದು ರೂಢಿಯಾಯಿತು. ಸೂರ್ಯಾಸ್ತದ ಬಳಿಕ ಓಜೋನ್ ಹೊಸದಾಗಿ ಹುಟ್ಟುವುದಿಲ್ಲವೆಂಬುದು ನಿಜ. ಆದರೆ ಇದ್ದದ್ದೆಲ್ಲ ರಾತ್ರಿ ಅಳಿದುಹೋಗುತ್ತದೆಂಬ ಗ್ರಹಿಕೆಯು ಬಹುಮಟ್ಟಿಗೆ ನೆಲಮಟ್ಟದ ಮಾಪನ ಕೇಂದ್ರಗಳಿಂದ ಬಂದದ್ದು. ವಾಹನಗಳ ನೈಟ್ರಿಕ್ ಆಕ್ಸೈಡ್ ನೆಲದ ಬಳಿಯ ಓಜೋನನ್ನು ನಾಶಮಾಡುತ್ತದೆಯಾದರೂ, ನೆಲ ತಣಿದಾಗ ಅದರಿಂದ ಬೇರ್ಪಟ್ಟು ಮೇಲೆ ಉಳಿಯುವ ಹಗಲಿನ ಗಾಳಿಯಲ್ಲಿ, ಅಂದರೆ ಶೇಷಸ್ತರದಲ್ಲಿ, ಓಜೋನ್ ಬೆಳಗಿನವರೆಗೂ ಇರಬಲ್ಲದು.

ಓಜೋನ್ ನೈಟ್ರೋಜನ್ ಡೈಆಕ್ಸೈಡ್‌ನೊಡನೆ ವರ್ತಿಸಿದಾಗ ನೈಟ್ರೇಟ್ ರ್ಯಾಡಿಕಲ್ ಎಂಬ ಅತಿ ಕ್ರಿಯಾಶೀಲ ಸಂಯುಕ್ತ ಹುಟ್ಟುತ್ತದೆ. ಹಗಲಿನ ಬೆಳಕು ಇದನ್ನು ಕೆಲವೇ ಸೆಕೆಂಡುಗಳಲ್ಲಿ ಒಡೆಯುವುದರಿಂದ ಇದರ ಪ್ರಭಾವ ಮುಖ್ಯವಾಗಿ ರಾತ್ರಿಯದು. ಪ್ಲಾಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದ ಮಲಿನ ಗಾಳಿಯಲ್ಲಿ ಇದನ್ನು ಪತ್ತೆಹಚ್ಚಿದ್ದನ್ನು 1980ರಲ್ಲಿ ಪ್ರಕಟಿಸಿದರು. ಈ ಅಧ್ಯಯನಶಾಖೆಯ ನಿಜವಾದ ಆರಂಭ ಅದೇ ಎನ್ನಬೇಕು. ಈ ರ್ಯಾಡಿಕಲ್ ಸಸ್ಯಜನ್ಯ ಆವಿಗಳೊಡನೆ ವರ್ತಿಸಿ ಸಾವಯವ ನೈಟ್ರೇಟ್ ಕಣಗಳನ್ನು ಉಂಟುಮಾಡುತ್ತದೆ. ಇನ್ನೊಂದು ದಾರಿಯಲ್ಲಿ ಡೈನೈಟ್ರೋಜನ್ ಪೆಂಟಾಕ್ಸೈಡ್ ಆಗಿ ಒದ್ದೆ ಕಣಗಳ ಮೇಲೆ ಕುಳಿತು ನೈಟ್ರಿಕ್ ಆಮ್ಲವಾಗುತ್ತದೆ. ಕಣಗಳಲ್ಲಿ ಕ್ಲೋರೈಡ್ ಇದ್ದರೆ ನೈಟ್ರಿಲ್ ಕ್ಲೋರೈಡ್ ಅನಿಲವೂ ಹೊರಬಿದ್ದು, ಬೆಳಗಿನ ಬಿಸಿಲಿಗೆ ಒಡೆದು ಕ್ಲೋರಿನ್ ಪರಮಾಣುಗಳನ್ನು ಬಿಡುಗಡೆ ಮಾಡುತ್ತದೆ. ಈ ಪ್ರಕ್ರಿಯೆ ಕಡಲ ಉಪ್ಪಿಗೆ ಸೀಮಿತವೆಂಬ ನಂಬಿಕೆಯನ್ನು ಸಮುದ್ರದಿಂದ ಬಹುದೂರದ ಕೊಲರಾಡೊದ ಬೌಲ್ಡರ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಮಾಪನಗಳು ಸಡಿಲಿಸಿದವು.

ಪೆಂಟಾಕ್ಸೈಡನ್ನು ಕಣಗಳು ಎಷ್ಟು ಬೇಗ ಹೀರುತ್ತವೆಂಬುದು ಹೆಚ್ಚು ಚರ್ಚಿತ ಪ್ರಶ್ನೆ. ಸ್ಟೀವನ್ ಬ್ರೌನ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ವಿಮಾನ ಮಾಪನಗಳ ಪ್ರಕಾರ ಈ ವೇಗ ಸ್ಥಿರವಲ್ಲ. ಕಣಗಳ ರಚನೆಯನ್ನು, ವಿಶೇಷವಾಗಿ ಸಲ್ಫೇಟ್ ಅಂಶವನ್ನು, ಅದು ಬಲವಾಗಿ ಅವಲಂಬಿಸಿದೆ. ಆದ್ದರಿಂದ ಗಂಧಕದ ಮಾಲಿನ್ಯವನ್ನೂ ಸಾರಜನಕದ ಮಾಲಿನ್ಯವನ್ನೂ ಪ್ರತ್ಯೇಕವಾಗಿ ಲೆಕ್ಕಹಾಕುವ ಪದ್ಧತಿ ಸಾಲದಾಯಿತು. ಚೀನಾದಲ್ಲಿ 2020ರ ಲಾಕ್‌ಡೌನ್ ವೇಳೆ ಸಾರಜನಕದ ಆಕ್ಸೈಡ್‌ಗಳು ಇಳಿದಾಗ ಓಜೋನ್ ಮತ್ತು ರಾತ್ರಿಯ ನೈಟ್ರೇಟ್ ರ್ಯಾಡಿಕಲ್ ಹೆಚ್ಚಿ, ಗಾಳಿಯಲ್ಲೇ ರೂಪುಗೊಳ್ಳುವ ದ್ವಿತೀಯಕ ಕಣಗಳ ಉತ್ಪತ್ತಿಗೆ ನೆರವಾದದ್ದು, ಒಂದು ಮಾಲಿನ್ಯಕಾರಕವನ್ನಷ್ಟೇ ಬಿಡಿಯಾಗಿ ನೋಡಬಾರದೆಂಬ ಎಚ್ಚರಿಕೆಯನ್ನು ಗಟ್ಟಿಗೊಳಿಸಿತು.

ಭಾರತದ ದಾಖಲೆಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿವೆ. ಮಹಾನಗರಗಳಲ್ಲಿ ಸೂರ್ಯಾಸ್ತದ ನಂತರವೂ ಗಂಟೆಗಟ್ಟಲೆ ಓಜೋನ್ ಹೆಚ್ಚಿರುತ್ತದೆಂದು ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆಯು 2024ರಲ್ಲಿ ವರದಿ ಮಾಡಿತು. ಆದರೆ ದೆಹಲಿಯ ಚಳಿಗಾಲದ ರಾತ್ರಿಗಳಲ್ಲಿ ನೈಟ್ರಿಕ್ ಆಕ್ಸೈಡ್ ವಿಪರೀತವಾಗಿ ತುಂಬಿ, ನೈಟ್ರೇಟ್ ರ್ಯಾಡಿಕಲ್ ಹಾಗೂ ಪೆಂಟಾಕ್ಸೈಡ್ ತಲೆಯೆತ್ತದಂತೆ ತಡೆದು, ಅವು ಹಗಲಿನಲ್ಲೇ ಅಸಾಮಾನ್ಯವಾಗಿ ಏರುತ್ತವೆಂದು 2023ರ ಅಧ್ಯಯನವೊಂದು ತೋರಿಸಿತ್ತು. ಒಂದು ಓಜೋನನ್ನೇ ಅಳೆದರೆ ಇನ್ನೊಂದು ಅದರಿಂದ ಹುಟ್ಟುವ ವಸ್ತುಗಳನ್ನು ನಿರ್ದಿಷ್ಟ ಋತುವಿನಲ್ಲಿ ಪರಿಶೀಲಿಸಿದ್ದರಿಂದ ಇವೆರಡನ್ನೂ ಒಟ್ಟಿಗೆ ಒಪ್ಪಬಹುದು. ದೆಹಲಿಯ ಕಣಗಳಲ್ಲಿ ಕ್ಲೋರೈಡ್ ಪಾಲು ಅಸಾಧಾರಣವಾಗಿ ಹೆಚ್ಚಿರುವುದರಿಂದ, ರಾತ್ರಿಯ ನೈಟ್ರಿಕ್ ಆಕ್ಸೈಡನ್ನು ಗಣನೀಯವಾಗಿ ತಗ್ಗಿಸಿದರೆ ಇರುಳಿನ ಉತ್ಕರ್ಷಣವೂ ಹಗಲಿನ ಕ್ಲೋರಿನ್ ಉತ್ಪತ್ತಿಯೂ ಹೆಚ್ಚಬಹುದೆಂಬುದು ಆ 2023ರ ಅಧ್ಯಯನದ ನಿರ್ಣಯ.