ಖುರೈಸ್ ರಸ್ತೆಯ ಗುರುವಾರ

2012ರ ನವೆಂಬರ್ 1ರ ಬೆಳಿಗ್ಗೆ ರಿಯಾದ್‌ನ ಪೂರ್ವ ಭಾಗದ ಖುರೈಸ್ ರಸ್ತೆಯಲ್ಲಿ ಅನಿಲ ತುಂಬಿದ ಟ್ಯಾಂಕರ್ ಒಂದು ಫ್ಲೈಓವರ್ ಕಂಬಕ್ಕೆ ಗುದ್ದಿತು. ಮೊದಲು ಅನಿಲ ಸೋರಿತು, ಆಮೇಲೆ ಬೆಂಕಿ ಹತ್ತಿತು. 20ಕ್ಕೂ ಹೆಚ್ಚು ಜನ ಸತ್ತರು, 100ಕ್ಕೂ ಹೆಚ್ಚು ಜನ ಗಾಯಗೊಂಡರು.

ನಮ್ಮ ಮನೆಯ ಸಿಲಿಂಡರ್‌ನಲ್ಲಿರುವ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹಾರಿಹೋಗಲ್ಲ. ನೀರಿನ ಹಾಗೆ ತಗ್ಗಿನ ಕಡೆ ಹರಿಯುತ್ತೆ. ಹಿಂದಿನಿಂದ ಬರುವ ಕಾರಿನ ಒಂದು ಕಿಡಿ ಸಾಕು.

ಅಪಾಯ ಲೆಕ್ಕ ಹಾಕುವ ಸೂತ್ರ ಸರಳ: ಅಪಘಾತ ಆಗುವ ಸಾಧ್ಯತೆಯನ್ನು ಅದರಿಂದಾಗುವ ಹಾನಿಯಿಂದ ಗುಣಿಸಿ. ತೊಂದರೆ ಇರೋದು ಎರಡನೇ ಅಂಕಿಯಲ್ಲಿ. ರಸ್ತೆ ಪಕ್ಕ ಎಷ್ಟು ಜನ ಇದ್ದಾರೆ ಅಂತ ನನ್ನಂಥ ಡೇಟಾದವರು ಜನಗಣತಿ ನೋಡ್ತೀವಿ. ಜನಗಣತಿ ಹೇಳೋದು ಜನ ಎಲ್ಲಿ ವಾಸವಾಗಿದ್ದಾರೆ ಅಂತ. ಬೆಳಿಗ್ಗೆ ಯಾವ ಸಿಗ್ನಲ್‌ನಲ್ಲಿ ನಿಂತಿರ್ತಾರೆ ಅಂತ ಅಲ್ಲ.

ಐದು ತಿಂಗಳ ನಂತರ, 2013ರ ಏಪ್ರಿಲ್‌ನಲ್ಲಿ, ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಇಂಥದ್ದೇ ಟ್ಯಾಂಕರ್ ಮಗುಚಿತು. ಅಲ್ಲಿ ಬೆಂಕಿ ರಸ್ತೆ ಬದಿಯ ಮನೆಗಳಿಗೇ ನುಗ್ಗಿತು. ಹಳ್ಳಿ ಅಂದರೆ ಜನ ಕಡಿಮೆ, ಅಪಾಯವೂ ಕಡಿಮೆ ಅನ್ನುತ್ತೆ ಸರಾಸರಿ. ಹೆದ್ದಾರಿಗೇ ಅಂಟಿಕೊಂಡ ಮನೆ ಅದಕ್ಕೆ ಕಾಣಲ್ಲ.

ರಿಯಾದ್‌ನಲ್ಲಿ ಆ ದಿನ ಬಕ್ರೀದ್ ರಜೆ ಇನ್ನೂ ಮುಗಿದಿರಲಿಲ್ಲ. ಆಗ ಸೌದಿಯಲ್ಲಿ ವಾರದ ರಜೆಯೂ ಗುರುವಾರ, ಶುಕ್ರವಾರವೇ. ಹಾಗಾಗಿ ರಸ್ತೆಯಲ್ಲಿ ಮಾಮೂಲಿನಷ್ಟು ಗಾಡಿಗಳಿರಲಿಲ್ಲ. 2013ರ ಜೂನ್‌ನಲ್ಲಿ ರಜೆ ಶುಕ್ರವಾರ, ಶನಿವಾರಕ್ಕೆ ಬದಲಾಯಿತು. ಈಗ ಅಲ್ಲಿ ಗುರುವಾರ ಕೆಲಸದ ದಿನ.