ಹೆಸರಿನಲ್ಲಿ ರಾಜಾ, ಒಳಗೆ ಅಡಕೊತ್ತು

ಊರಿನಿಂದ ನೆಂಟರು ಬಂದರೆ ಅವರನ್ನು ಶನಿವಾರವಾಡೆಗೆ, ಪರ್ವತಿಗೆ, ಸಾರಸಬಾಗಿನ ಗಣಪತಿಗೆ ಕರೆದೊಯ್ಯುವುದು ನಮ್ಮ ರೂಢಿ. ಬಾಜೀರಾವ್ ರಸ್ತೆಯ ಪಕ್ಕದ ನಾತೂಬಾಗಿನಲ್ಲಿರುವ ರಾಜಾ ದಿನಕರ ಕೇಳಕರ ಸಂಗ್ರಹಾಲಯದ ನೆನಪಾಗುವುದು ಮಳೆ ಹಿಡಿದುಕೊಂಡಾಗ ಮಾತ್ರ. "ಇವರು ಯಾವ ಸಂಸ್ಥಾನದ ರಾಜರು?" ಎಂದು ನೆಂಟರು ಕೇಳಿಯೇ ಕೇಳುತ್ತಾರೆ.

ರಾಜರಲ್ಲ. ದಿನಕರ ಗಂಗಾಧರ ಕೇಳಕರರು (೧೮೯೬–೧೯೯೦) ಮನೆತನದ ಕನ್ನಡಕದ ಅಂಗಡಿ ನಡೆಸುತ್ತಿದ್ದವರು; 'ಅಜ್ಞಾತವಾಸಿ' ಎಂಬ ಹೆಸರಿನಿಂದ ಮರಾಠಿ ಕವಿತೆ ಬರೆದವರು. ರಾಜಾ ಎಂಬುದು ಅವರ ಮಗನ ಹೆಸರು. ಆ ಹುಡುಗ ಏಳನೆಯ ವಯಸ್ಸಿಗೇ ತೀರಿಕೊಂಡ. ತಾವು ಕೂಡಿಸಿದ ವಸ್ತುಗಳಿಗೆಲ್ಲ ತಂದೆ ಅವನ ಹೆಸರನ್ನೇ ಇಟ್ಟರು.

ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದ ಹಿಂದೆ ನಿಜಾಮರ ದಿವಾನರ ಐಶ್ವರ್ಯವಿತ್ತು. ಸಾತಾರಾ ಜಿಲ್ಲೆಯ ಔಂಧದ ಸಂಗ್ರಹಾಲಯವನ್ನು ಕಟ್ಟಿದವರು ಅಲ್ಲಿಯ ಅರಸರೇ. ಕೇಳಕರರ ಬಳಿ ಇದ್ದದ್ದು ಅಂಗಡಿಯ ಆದಾಯ ಮತ್ತು ಪತ್ನಿ ಕಮಲಾಬಾಯಿಯವರ ಒತ್ತಾಸೆ. ೧೯೨೦ರ ಸುಮಾರಿಗೆ ಹಿಡಿದ ಹುಚ್ಚು ಜೀವಮಾನವಿಡೀ ಬಿಡಲಿಲ್ಲ; ಊರೂರು ತಿರುಗಿದರು, ಹಳೆಯ ವಾಡೆಗಳ ಮೂಲೆ ಮುಡುಕು ಹುಡುಕಿದರು.

ಅವರು ತಂದದ್ದಾದರೂ ಏನು? ಕತ್ತಿ ಗುರಾಣಿಗಳಿವೆ, ಕೋಥರೂಡದಲ್ಲಿದ್ದ ಮಸ್ತಾನಿಯ ಮಹಲಿನ ಭಾಗಗಳನ್ನು ತಂದು ಮತ್ತೆ ಜೋಡಿಸಿದ ಕೋಣೆಯೂ ಇದೆ. ಜನ ಮುಗಿಬೀಳುವುದು ಅಲ್ಲಿಗೇ. ಆದರೆ ನನ್ನನ್ನು ಕೇಳಿದರೆ ಅಲ್ಲಿಯ ನಿಜವಾದ ಸಂಪತ್ತು ಅಡುಗೆಮನೆ, ಪಡಸಾಲೆ, ಬಚ್ಚಲುಗಳದು. ನೂರಾರು ಬಗೆಯ ದೀಪಗಳು, ಬೀಗಗಳು, ಮಸಿಕುಡಿಕೆಗಳು, ಹಿಮ್ಮಡಿ ಉಜ್ಜುವ ವಜ್ರಿಗಳು, ಎಲೆ ಅಡಿಕೆಯ ಡಬ್ಬಿಗಳು, ಬಗೆಬಗೆಯ ಆಕಾರದ ಅಡಕೊತ್ತುಗಳು. ದಿನವೂ ಕೈಗೆ ಸಿಗುವ ಸಾಮಾನನ್ನೂ ಚೆಂದಗಾಣಿಸದೆ ಬಿಡದ ಅಕ್ಕಸಾಲಿಗ, ಕಂಚುಗಾರರ ಹೆಸರು ಯಾವ ಬಖರಿನಲ್ಲಿಯೂ ಬರುವುದಿಲ್ಲ. ಗೆದ್ದ ಕೋಟೆಗಳ ಲೆಕ್ಕ ಪೇಶ್ವೆ ದಫ್ತರದಲ್ಲಿ ಸಿಕ್ಕೀತು. ಆ ಕಾಲದ ಹೆಂಗಸರು ಯಾವ ದೀಪದ ಬೆಳಕಿನಲ್ಲಿ ಅಡುಗೆ ಮಾಡಿದರೆಂಬುದನ್ನು ಇಲ್ಲಿಗೇ ಬಂದು ನೋಡಬೇಕು.

ಕೇಳಕರರು ಇದಿಷ್ಟನ್ನೂ ಮಹಾರಾಷ್ಟ್ರ ಸರ್ಕಾರಕ್ಕೆ ದಾನವಾಗಿ ಕೊಟ್ಟರು. ಸುಮಾರು ೨೦,೦೦೦ ವಸ್ತುಗಳಲ್ಲಿ ಪ್ರದರ್ಶನಕ್ಕಿರುವವು ೨,೫೦೦ರಷ್ಟು, ಜಾಗ ಸಾಲದು.

ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆಯವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮಸ್ತಾನಿ ಮಹಲನ್ನು ಅವರು ನಿಂತು ನೋಡಲೂ ಇಲ್ಲ. ಅಡಕೊತ್ತುಗಳ ಕಪಾಟಿನ ಎದುರು ಮಾತ್ರ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನಿಂತರು.

"ಇಂಥಾದ್ದೇ ಒಂದು ನಮ್ಮ ಮನ್ಯಾಗ ಇತ್ತಲ್ಲವಾ, ಹಿತ್ತಾಳಿದು, ಗಿಣಿ ಇದ್ದದ್ದು. ನೀ ಪುಣೆಕ್ಕ ಒಯ್ದಿದ್ದಿ. ಈಗ ಎಲ್ಲದ?"

ನಾನು ಉತ್ತರ ಕೊಡಲಿಲ್ಲ. ಫ್ಲ್ಯಾಟಿಗೆ ಬಂದ ವರ್ಷ ಹಳೆಯ ಹಿತ್ತಾಳೆ ಸಾಮಾನನ್ನೆಲ್ಲ ಪಾತ್ರೆಯವಳಿಗೆ ಹಾಕಿ ಸ್ಟೀಲಿನ ಡಬ್ಬಿಗಳನ್ನು ತೆಗೆದುಕೊಂಡಿದ್ದೆ. ಅವುಗಳಲ್ಲೊಂದರಲ್ಲಿ ಈಗ ಅವಲಕ್ಕಿ ಇದೆ.