ದೇಶ ಒಡೆಯಿತು, ಆಟ ಒಡೆಯಲಿಲ್ಲ

ತರೀಕೆರೆ ತಾಲ್ಲೂಕಿನಲ್ಲಿದ್ದ ಅಜ್ಜಂಪುರ ಕೆಲವು ವರ್ಷಗಳ ಹಿಂದೆ ತಾನೇ ಒಂದು ತಾಲ್ಲೂಕಾಯಿತು. ಆಗ ಏನಾಯ್ತು ಹೇಳಿ? ತಹಶೀಲ್ದಾರ್ ಕಚೇರಿ ಬಂತು, ಬೋರ್ಡು ಬದಲಾಯ್ತು, ಅಷ್ಟೇ. ಈರುಳ್ಳಿ ಲಾರಿ ಅದೇ ದಾರಿಯಲ್ಲಿ ಓಡಾಡುತ್ತೆ. ಹೆಣ್ಣು ಕೊಡೋದು, ತರೋದು ನಿಂತಿಲ್ಲ. ಕಡೂರಿನ ಹುಡುಗರು ತರೀಕೆರೆಗೆ ಹೋಗಿ ಟೂರ್ನಮೆಂಟ್ ಆಡೋದೂ ನಿಂತಿಲ್ಲ. ಗಡಿ ಅನ್ನೋದು ಕಾಗದದ ಮೇಲೆ ಇದ್ದರೆ ಯಾರಿಗೂ ನೋವಿಲ್ಲ.

ಆದರೆ ಗಡಿ ರಕ್ತದಲ್ಲಿ ಬರೆದದ್ದಾದರೆ? ಇವತ್ತು ಅಂಥ ಒಂದು ಕಥೆ. ಇದರಲ್ಲಿ ಬ್ಯಾಸ್ಕೆಟ್‌ಬಾಲ್ ಇದೆ, ದುಡ್ಡಿದೆ, ಸಾವಿದೆ. ಕೊನೆಗೆ ನಮ್ಮ ಮೂರು ತಾಲ್ಲೂಕಿನ ಮಕ್ಕಳಿಗೆ ಸಂಬಂಧಪಟ್ಟ ಒಂದು ಪ್ರಶ್ನೆಯೂ ಇದೆ.

1980, ಮಾಸ್ಕೋ ಒಲಿಂಪಿಕ್ಸ್. ಬ್ಯಾಸ್ಕೆಟ್‌ಬಾಲ್‌ನಲ್ಲಿ ಚಿನ್ನ ಗೆದ್ದ ದೇಶ ಯುಗೊಸ್ಲಾವಿಯಾ. ಅದೇ ಕೂಟದಲ್ಲಿ ಭಾರತವೂ ಆಡಿತ್ತು. ಆಡಿದ ಪಂದ್ಯಗಳನ್ನೆಲ್ಲ ಸೋತು, 12 ತಂಡಗಳಲ್ಲಿ 12ನೇ ಸ್ಥಾನ. ಒಲಿಂಪಿಕ್ಸ್ ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ನಾವು ಕಾಲಿಟ್ಟಿದ್ದು ಅದೊಂದೇ ಸಲ. ಅಂದರೆ ಮೊದಲಿನವರೂ ಕೊನೆಯವರೂ ಒಂದೇ ಊರಲ್ಲಿ ಇದ್ದರು.

ಆ ಮೊದಲಿನವರ ದೇಶಕ್ಕೆ ಏನಾಯ್ತು ನೋಡಿ. 1990ರಲ್ಲಿ ಅರ್ಜೆಂಟೀನಾದಲ್ಲಿ ಯುಗೊಸ್ಲಾವಿಯಾ ವಿಶ್ವ ಚಾಂಪಿಯನ್ ಆಯಿತು. ತಂಡದಲ್ಲಿ ಇಬ್ಬರು ಜೀವದ ಗೆಳೆಯರು. ಒಬ್ಬ ಕ್ರೊಯೇಷಿಯಾದ ಡ್ರಾಜೆನ್ ಪೆಟ್ರೊವಿಚ್, ಇನ್ನೊಬ್ಬ ಸರ್ಬಿಯಾದ ವ್ಲಾಡೆ ದಿವಾಚ್. ಗೆದ್ದ ಸಂಭ್ರಮದಲ್ಲಿ ಅಭಿಮಾನಿಯೊಬ್ಬ ಕ್ರೊಯೇಷಿಯಾದ ಧ್ವಜ ಹಿಡಿದು ಅಂಗಳಕ್ಕೆ ನುಗ್ಗಿದ. ದಿವಾಚ್ ಅದನ್ನ ಕಿತ್ತುಕೊಂಡ. ನಾವೆಲ್ಲ ಒಂದೇ ದೇಶ, ಬೇರೆ ಧ್ವಜ ಯಾಕೆ ಅನ್ನೋದು ಅವನ ವಾದ. ಆ ಒಂದು ಕ್ಷಣಕ್ಕೆ ಗೆಳೆತನವೇ ಮುರಿದು ಬಿತ್ತು.

ಮರುವರ್ಷ ಜೂನ್‌ನಲ್ಲಿ ರೋಮ್‌ನಲ್ಲಿ ಯುರೋಪ್ ಚಾಂಪಿಯನ್‌ಷಿಪ್. ಕೂಟ ನಡೀತಿರುವಾಗಲೇ ಸ್ಲೊವೇನಿಯಾ ಸ್ವಾತಂತ್ರ್ಯ ಘೋಷಿಸಿತು. ತಂಡದಲ್ಲಿದ್ದ ಸ್ಲೊವೇನಿಯಾದ ಯೂರೆ ಜ್ಡೊವ್ಚ್ ಅರ್ಧದಲ್ಲೇ ಎದ್ದು ಹೊರಟ. ಉಳಿದವರು ಆಡಿ ಕಪ್ ಗೆದ್ದರು. ಆದರೆ ಕಪ್ ಇಟ್ಟುಕೊಳ್ಳೋಕೆ ದೇಶವೇ ಉಳಿಯಲಿಲ್ಲ. ಯುದ್ಧ ಶುರುವಾಯ್ತು. ಬೋಸ್ನಿಯಾ ಒಂದರಲ್ಲೇ ಸುಮಾರು 1 ಲಕ್ಷ ಜನ ಸತ್ತರು. 1993ರಲ್ಲಿ ಪೆಟ್ರೊವಿಚ್ ಜರ್ಮನಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಆಗವನಿಗೆ 28 ವರ್ಷ. ಗೆಳೆಯರಿಬ್ಬರೂ ಮತ್ತೆ ಕೂತು ಮಾತಾಡಲೇ ಇಲ್ಲ.

ಈಗ ಯೋಚನೆ ಮಾಡಿ. ಇಷ್ಟೆಲ್ಲ ಆದ ಮೇಲೆ ಅದೇ ಜನ ಒಂದೇ ಲೀಗ್‌ನಲ್ಲಿ ಆಡ್ತಾರೆ ಅಂದರೆ ನಂಬ್ತೀರಾ? 2001ರಲ್ಲಿ ಅದು ನಡೆಯಿತು. ಹೆಸರು ಏಡ್ರಿಯಾಟಿಕ್ ಲೀಗ್. ಇದನ್ನ ಮಾಡಿದ್ದು ಸರ್ಕಾರಗಳಲ್ಲ, ಶಾಂತಿ ಸಮಿತಿಗಳೂ ಅಲ್ಲ. ಕ್ಲಬ್‌ಗಳೇ ಸೇರಿ ಕಟ್ಟಿದ ಖಾಸಗಿ ಲೀಗ್ ಅದು. ಕಾರಣ ಬಹಳ ಸರಳ: ದುಡ್ಡು. ಸ್ಲೊವೇನಿಯಾದ ಜನಸಂಖ್ಯೆ ಸುಮಾರು 20 ಲಕ್ಷ. ಅಷ್ಟು ಸಣ್ಣ ದೇಶದೊಳಗೇ ಆಡ್ತಾ ಕೂತರೆ ಟೀವಿಯವರು ಬರಲ್ಲ, ಪ್ರಾಯೋಜಕರು ಸಿಗಲ್ಲ, ಒಳ್ಳೇ ಆಟಗಾರ ಊರು ಬಿಡ್ತಾನೆ. ನೆರೆಯವನ ಜೊತೆ ಆಡಿದರೆ ಮಾತ್ರ ಉಳಿಗಾಲ. ಮೊದಲ ವರ್ಷ 12 ಕ್ಲಬ್‌ಗಳು. 2002ರಲ್ಲಿ ಮೊದಲ ಪ್ರಶಸ್ತಿ ಗೆದ್ದದ್ದು ಸ್ಲೊವೇನಿಯಾದ ಒಲಿಂಪಿಯಾ. ಬೆಲ್‌ಗ್ರೇಡ್‌ನ ದೊಡ್ಡ ಕ್ಲಬ್‌ಗಳು ಆಮೇಲೆ ಒಂದೊಂದಾಗಿ ಬಂದವು.

ಎಲ್ಲರೂ ಅಪ್ಪಿಕೊಂಡು ಅತ್ತುಬಿಟ್ಟರಾ? ಇಲ್ಲ. ಗ್ಯಾಲರಿಯಲ್ಲಿ ದ್ವೇಷದ ಘೋಷಣೆಗಳು ಕೇಳಿಬಂದವು. ಆದರೂ ಬಸ್ಸು ಗಡಿ ದಾಟಿತು, ಪಂದ್ಯ ನಡೆಯಿತು, ಮುಂದಿನ ವಾರ ಮತ್ತೊಂದು ಪಂದ್ಯ ಬಂತು. ಪ್ರೀತಿ ಇಲ್ಲದಿದ್ದರೂ ವ್ಯವಹಾರ ಇತ್ತು. ಕೆಲವು ಸಲ ಮನುಷ್ಯರು ಒಟ್ಟಿಗಿರೋಕೆ ಅಷ್ಟೇ ಸಾಕಾಗುತ್ತೆ.

ಈ ಲೀಗ್‌ನಿಂದ ಹೊರಬಂದವನೇ ನಿಕೊಲಾ ಯೋಕಿಚ್. ಸರ್ಬಿಯಾದ ಸೊಂಬೋರ್ ಅನ್ನೋ ಸಣ್ಣ ಊರಿನ ಹುಡುಗ, ಕುದುರೆ ಹುಚ್ಚು. 2014ರಲ್ಲಿ ಅಮೆರಿಕದ ಎನ್‌ಬಿಎ ಆಯ್ಕೆಯಲ್ಲಿ ಅವನ ಸ್ಥಾನ 41. ಅವನ ಹೆಸರು ಕೂಗಿದಾಗ ಟೀವಿಯಲ್ಲಿ ತಿಂಡಿಯ ಜಾಹೀರಾತು ಓಡ್ತಿತ್ತು! ಅದೇ ಹುಡುಗ 2021, 2022, 2024, ಹೀಗೆ ಮೂರು ಸಲ ಎನ್‌ಬಿಎಯ ಅತ್ಯುತ್ತಮ ಆಟಗಾರ ಆದ.

ಇನ್ನು ನಮ್ಮ ಏಷ್ಯಾ ಕಡೆ ಬನ್ನಿ. 2009ರಲ್ಲಿ ಏರ್ ಏಷ್ಯಾದ ಟೋನಿ ಫರ್ನಾಂಡಿಸ್ ಮುಂದಾಳತ್ವದಲ್ಲಿ ಆಸಿಯಾನ್ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾಯ್ತು. ಆರು ದೇಶ, ಆರು ತಂಡ. ಫಿಲಿಪೀನ್ಸ್ ತಂಡ ಮೊದಲ ಚಾಂಪಿಯನ್. ಆದರೆ ಅಲ್ಲಿ ಪ್ರತಿ ಪಂದ್ಯಕ್ಕೂ ವಿಮಾನ ಹತ್ತಬೇಕು. 2020ರಲ್ಲಿ ಕೊರೊನಾ ಬಂತು, ವಿಮಾನ ನಿಂತಿತು, ಲೀಗೂ ನಿಂತಿತು. ಮತ್ತೆ ಹಳೇ ಕಳೆ ಬರಲಿಲ್ಲ.

ಹಾಗಾದರೆ ಕರ್ನಾಟಕ? 2015ರಲ್ಲಿ ಯುಬಿಎ ಅನ್ನೋ ಖಾಸಗಿ ಲೀಗ್ ಬಂತು. ಎಂಟು ತಂಡಗಳಲ್ಲಿ ನಮ್ಮದು ಬೆಂಗಳೂರು ಬೀಸ್ಟ್. ರಾಷ್ಟ್ರೀಯ ಫೆಡರೇಷನ್‌ನ ಮಾನ್ಯತೆ ಇರಲಿಲ್ಲ. 2017ರ ನಂತರ ಪತ್ತೆ ಇಲ್ಲ. 2018ರಲ್ಲಿ ಮೂವರು ಮೂವರು ಆಡುವ 3ಬಿಎಲ್ ಬಂತು, ಅದರಲ್ಲಿ ಬ್ಯಾಂಗಲೋರ್ ಮಚ್ಚಾಸ್. 2022-23ರಲ್ಲಿ ಫೆಡರೇಷನ್ನೇ ಐಎನ್‌ಬಿಎಲ್ ನಡೆಸಿತು, ಅದರಲ್ಲಿ ಬೆಂಗಳೂರು ಕಿಂಗ್ಸ್. ಎಂಟು ವರ್ಷದಲ್ಲಿ ಒಂದೇ ಊರಿಗೆ ಮೂರು ಹೆಸರು, ಮೂರು ಜೆರ್ಸಿ! ಅಭಿಮಾನಿ ಯಾವುದನ್ನ ಒಗೆದು ಮಡಚಿ ಇಟ್ಟುಕೊಳ್ಳಬೇಕು?

ವ್ಯತ್ಯಾಸ ಎಲ್ಲಿದೆ ಗೊತ್ತಾ? ಅಲ್ಲಿ ಮೊದಲು ಕ್ಲಬ್ ಇತ್ತು, ಆಮೇಲೆ ಲೀಗ್ ಬಂತು. ಆ ಕ್ಲಬ್‌ನೊಳಗೆ ಮಕ್ಕಳ ತಂಡ ಇತ್ತು, ಕೋಚ್ ಇದ್ದ, ಊರಿನವರ ಹೆಮ್ಮೆ ಇತ್ತು. ದೇಶವೇ ಹೋದರೂ ಕ್ಲಬ್ ಉಳಿದಿತ್ತು. ಇಲ್ಲಿ ಮೊದಲು ಲೀಗ್ ಬರುತ್ತೆ, ಲೋಗೋ ಬರುತ್ತೆ, ಆಟಗಾರರನ್ನ ಆಮೇಲೆ ಹುಡುಕುತ್ತಾರೆ. ಎರಡು ಸೀಸನ್ ನಷ್ಟವಾದರೆ ಅಂಗಡಿ ಬಂದ್. ಹೊಟ್ಟೆಗೆ ಪೆಟ್ಟು ಬೀಳೋದು ಮಾಲೀಕನಿಗಲ್ಲ, ಆಟವನ್ನೇ ನಂಬಿದ ಆಟಗಾರನಿಗೆ.

ಅಜ್ಜಂಪುರದ ಜನರಿಗೆ ಇದನ್ನ ವಿವರಿಸಿ ಹೇಳಬೇಕಾಗಿಲ್ಲ. ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇರೋದು ಅವರ ಊರಲ್ಲೇ. ಮೈಸೂರು ಅರಸರ ಕಾಲದಿಂದ ಕಾಪಾಡಿಕೊಂಡು ಬಂದ ತಳಿ ಅದು. ಸಂತೆಯಲ್ಲಿ ಒಂದು ಜೋಡಿ ಎತ್ತು ಕೊಳ್ಳಬಹುದು, ತಳಿ ಕೊಳ್ಳೋಕಾಗಲ್ಲ. ತಳಿಗೆ ತಲೆಮಾರು ಬೇಕು, ಕಾವಲು ಬೇಕು. ಆಟಗಾರರೂ ಹಾಗೇ.

ಬ್ಯಾಸ್ಕೆಟ್‌ಬಾಲ್‌ನ ರಿಂಗ್ ಸೊಂಬೋರ್‌ನಲ್ಲೂ ನೆಲದಿಂದ 10 ಅಡಿ, ಕಡೂರಿನಲ್ಲೂ 10 ಅಡಿ. ಅಲ್ಲಿನ ಹುಡುಗನಿಗೆ ರಿಂಗ್ ಕೆಳಗೆ ನಿಂತು ಹೇಳಿಕೊಡೋರು ಇದ್ದರು. ನಮ್ಮ ಮಕ್ಕಳಿಗೆ ಬೇಕಾಗಿರೋದೂ ಅದೇ: ಒಬ್ಬ ಪಿಟಿ ಮೇಷ್ಟ್ರು, ಒಂದು ಕಾಂಕ್ರೀಟ್ ಅಂಗಳ, ವರ್ಷಪೂರ್ತಿ ಮೂರು ತಾಲ್ಲೂಕಿನ ಶಾಲೆಗಳ ನಡುವೆ ಪಂದ್ಯ. ಅದಕ್ಕೆ ವಿಮಾನ ಬೇಡ, ಕೆಎಸ್‌ಆರ್‌ಟಿಸಿ ಬಸ್ಸು ಸಾಕು. ಇನ್ನೊಂದು ಸಲ ಬೆಂಗಳೂರಿನ ಸ್ಟಾರ್ ಹೋಟೆಲ್‌ನಲ್ಲಿ ಹೊಸ ಲೀಗ್, ಹೊಸ ಜೆರ್ಸಿ ಬಿಡುಗಡೆ ಆಗುತ್ತೆ, ಅನುಮಾನವೇ ಬೇಡ. ಆಗ ನೀವು ಕೇಳಬೇಕಾದ ಪ್ರಶ್ನೆ ಇಷ್ಟೇ: ಸ್ವಾಮಿ, ಇದರಲ್ಲಿ 12 ವರ್ಷದ ಮಕ್ಕಳ ತಂಡ ಯಾವ ಊರಲ್ಲಿದೆ?